ಅಲ್ಲಮನ ಊರಲ್ಲಿ ಗಿಡ ಬರೆಯುವುದು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹೆಸರು ಕೇಳಿದ ಹೊರಗಿನವರು ಮೊದಲು ನಗುತ್ತಾರೆ, ಆಮೇಲೆ ಮೊಬೈಲ್ ತೆಗೆದು ಗೂಗಲ್‌ನಲ್ಲೇ ಗೂಗಲ್ ಹುಡುಕುತ್ತಾರೆ. ಊರಿನವರಿಗೆ ಈ ತಮಾಷೆ ಹಳತಾಗಿದೆ. ಅವರ ಗೂಗಲ್ ಇರುವುದು ಕೃಷ್ಣಾ ನದಿಯ ದಡದಲ್ಲಿ. ನದಿಗೆ ಬ್ರಿಜ್ ಕಂ ಬ್ಯಾರೇಜ್ ಇದೆ, ದಡದ ಮೇಲೆ ಅಲ್ಲಮಪ್ರಭುವಿನ ದೇವಸ್ಥಾನವಿದೆ. ಕುರುಹು ಹಿಡಿದು ಕೂತವರನ್ನೆಲ್ಲ ಕೆಣಕಿ, ಕೊನೆಗೆ ಎಲ್ಲವನ್ನೂ ಬಯಲಿಗೆ ತಂದು ನಿಲ್ಲಿಸಿದ 12ನೇ ಶತಮಾನದ ಆ ಅನುಭಾವಿಗೆ ಇಲ್ಲಿ ಗುಡಿ, ಪೂಜೆ, ಕಾಯಿ, ಕರ್ಪೂರ ಎಲ್ಲ ಉಂಟು. ಭಕ್ತರಿಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಕಾಯಿ ಒಡೆಸಿ, ಹೊಳೆಯ ಕಡೆ ಒಂದು ಗಳಿಗೆ ನೋಡಿ, ಬಸ್ಸು ಹತ್ತುತ್ತಾರೆ.

ಇಂಥ ಊರಿನ ಹೊರಗೆ ಯಾರಾದರೂ ದಿನಾ ಬೆಳಿಗ್ಗೆ ರಟ್ಟಿಗೆ ಹಾಳೆ ಸಿಗಿಸಿಕೊಂಡು ಒಂದೇ ಬೇವಿನ ಗಿಡದ ಮುಂದೆ ಕೂತರು ಅನ್ನಿ. ಕುರಿ ಹೊಡೆದುಕೊಂಡು ಹೋಗುವವರು ನಿಂತು ಕೇಳದೇ ಇರುವುದಿಲ್ಲ: ‘ಗಿಡದ ಚಿತ್ರ ತೆಗದು ಏನ್ ಮಾಡ್ತೀರಿ?’ ಸಣ್ಣ ಪ್ರಶ್ನೆ, ಆದರೆ ಉತ್ತರ ನಾಲಿಗೆಗೆ ಬೇಗ ಬರುವುದಿಲ್ಲ. ಮಾರಲಿಕ್ಕೆ ಅಂದರೆ ಸುಳ್ಳಾಗುತ್ತದೆ, ಕೊಳ್ಳುವವರಿಲ್ಲ. ಫೋಟೊ ತೆಗೆದರೆ ಅರೆನಿಮಿಷದಲ್ಲಿ ಮುಗಿಯುವ ಕೆಲಸ. ಪೂಜೆ ಅಂದರೆ ಅರಿಶಿಣ ಕುಂಕುಮ ಎಲ್ಲಿ? ಹಾಗಾದರೆ ದಿನವೂ ಒಂದು ರೂಪದ ಮುಂದೆ ಕೂರುವ ಈ ಕೆಲಸ ರೂಪದ ಮೋಹವೋ, ಅದನ್ನು ದಾಟುವ ದಾರಿಯೋ? ಕರ್ನಾಟಕದಲ್ಲಿ ಈ ಪ್ರಶ್ನೆ ಕೇಳಲು ಅಲ್ಲಮನ ಅಂಗಳಕ್ಕಿಂತ ತಕ್ಕ ಜಾಗ ಬೇರೆ ಸಿಗಲಾರದು.

ಕುರಿಗಾಹಿಯ ಮಾತಿಗೆ ಬದುಕಿನಿಂದಲೇ ಉತ್ತರ ಕೊಟ್ಟವರು ನಮ್ಮಲ್ಲಿ ಒಬ್ಬರಿದ್ದರು. ರುಮಾಲೆ ಚನ್ನಬಸವಯ್ಯ, 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯುತ್ತಿದ್ದ ಹುಡುಗ ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ಜೈಲು ಕಂಡರು, ಸೇವಾದಳದಲ್ಲಿ ದುಡಿದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನಲ್ಲೂ ಕೂತರು. ಆ ಬಳಿಕ, ಐವತ್ತು ದಾಟಿದ ಮೇಲೆ, ಇದನ್ನೆಲ್ಲ ಬಿಟ್ಟು ಮತ್ತೆ ಕುಂಚ ಹಿಡಿದರು. ಮದುವೆಯಾಗಲಿಲ್ಲ, ಆಸ್ತಿ ಕಟ್ಟಲಿಲ್ಲ. ಬೆಂಗಳೂರಿನ ರಸ್ತೆ ಬದಿಯಲ್ಲಿ, ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಹೂಬಿಟ್ಟ ಮರಗಳೆದುರು ಕೂತು ಬರೆದರು. ಗುಲ್‌ಮೊಹರ್, ಜಕರಾಂಡ, ಟಬೂಬಿಯ ಇವೆಲ್ಲ ಅವರ ಹಾಳೆಯ ಮೇಲೆ ಹಬ್ಬ ಮಾಡಿದವು. 1988ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ರಾಜಾಜಿನಗರದ ರುಮಾಲೆ ಕಲಾಭವನ ಕಾಪಾಡಿಕೊಂಡು ಬಂದಿದೆ.

ಹೂಮರ ಬರೆಯುವವರಿಗೆ ಮುಹೂರ್ತ ಇಡುವುದು ಮರವೇ. ಟಬೂಬಿಯ ಹೂ ಬಿಟ್ಟರೆ ಕೆಲವೇ ದಿನ. ಇವತ್ತು ಅರ್ಧ ಬರೆದು ಮುಂದಿನ ವಾರ ಮುಗಿಸೋಣವೆಂದರೆ ಹಳದಿಯೆಲ್ಲ ನೆಲಕ್ಕೆ ಬಿದ್ದಿರುತ್ತದೆ. ಅದಕ್ಕೇ ದಿನಾ ಹೋಗಬೇಕು. ಸಭೆ, ಭಾಷಣ, ಸಂಪಾದಕೀಯಗಳಲ್ಲಿ ಕಾಲ ಕಳೆದ ರುಮಾಲೆ ಕೊನೆಗೆ ಮರದ ವೇಳಾಪಟ್ಟಿಗೆ ಒಗ್ಗಿದರು. ಸಂಸಾರ ಬಿಟ್ಟು ಮಠ ಸೇರಿದವರನ್ನು ವಿರಕ್ತರೆಂದು ಕರೆಯುವ ನಾಡು ಅಧಿಕಾರ ಬಿಟ್ಟು ಮರದ ಕೆಳಗೆ ಕೂತವರನ್ನು ಏನೆಂದು ಕರೆಯಬೇಕೋ ಗೊತ್ತಾಗದೆ ‘ನಿಸರ್ಗ ಚಿತ್ರಕಾರ’ ಎಂದು ಸುಮ್ಮನಾಯಿತು.

ಆದರೆ ರುಮಾಲೆಯವರ ಮರಗಳು ಬೆಂಗಳೂರಿನವು, ಹೂವಿನವು. ರಾಯಚೂರು ಸೀಮೆಯ ಗಿಡಗಳಿಗೆ ಆ ಬೆಡಗಿಲ್ಲ. ಇಲ್ಲಿ ಬೇವು, ಹುಣಸೆ, ಬನ್ನಿ, ಕರಿಜಾಲಿ, ಹಳ್ಳದ ಬದಿ ಈಚಲು, ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಮೇಲೇರಿ ನೆರಳುಗಳೆಲ್ಲ ಬುಡದ ಕಡೆಗೆ ಸರಿಯುತ್ತವೆ, ಗಿಡ ಚಪ್ಪಟೆಯಾಗಿ ಕಾಣತೊಡಗುತ್ತದೆ. ಉಡುಪಿಯ ಕಡೆ ಜಲವರ್ಣ ಬರೆಯುವವರು ಹಾಳೆ ಒಣಗಲೆಂದು ಕಾಯುತ್ತಾರೆ. ಇಲ್ಲಿ ಗೆರೆಯ ಆ ತುದಿಗೆ ಕುಂಚ ಹೋಗುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಒದ್ದೆ ಬಣ್ಣದ ಮೇಲೆ ಬಣ್ಣ ಹರಿಸುವ ಕೈಚಳಕವೆಲ್ಲ ಮಾರ್ಚ್ ಬಂದರೆ ಮುಗಿಯಿತು. ಪೆನ್ಸಿಲ್ಲೋ ಇದ್ದಿಲೋ ವಾಸಿ, ಅದೂ ಎಂಟೂವರೆಯೊಳಗೆ.

ಬೇವಿನ ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಡ್ಡಿಯ ಎರಡೂ ಕಡೆ ಹತ್ತಾರು ಎಸಳು. ಪ್ರತಿ ಎಸಳೂ ಕುಡುಗೋಲಿನ ಹಾಗೆ ಒಂದು ಕಡೆಗೆ ಬಾಗಿರುತ್ತದೆ. ನಡುವಿನ ನರ ಎಸಳನ್ನು ಸಮನಾಗಿ ಸೀಳುವುದಿಲ್ಲ, ಒಂದು ಮಗ್ಗುಲು ಅಗಲ, ಇನ್ನೊಂದು ಕಿರಿದು. ಅಂಚಿನಲ್ಲಿ ಗರಗಸದ ಹಲ್ಲು. ಫಾಲ್ಗುಣದಲ್ಲಿ ಹಳೆ ಎಲೆ ಉದುರಿ ತಾಮ್ರದ ಬಣ್ಣದ ಚಿಗುರು ಬರುತ್ತದೆ, ಯುಗಾದಿಗೆ ಸಣ್ಣ ಬಿಳಿ ಹೂ. ಬೇವು–ಬೆಲ್ಲ ತಿಂದು ಬೆಳೆದವರೆಲ್ಲ ಇದನ್ನು ಕಂಡವರೇ. ಆದರೂ ಬೇವಿನ ಎಲೆ ಬರೆಯಿರಿ ಎಂದರೆ ನೂರಕ್ಕೆ ತೊಂಬತ್ತು ಮಂದಿ ನಡುವೆ ನೇರ ಗೆರೆ ಎಳೆದು ಎರಡೂ ಕಡೆ ಸಮಸಮ ಬಿಲ್ಲು ಬಿಡಿಸುತ್ತಾರೆ. ಅವರು ಬರೆಯುವುದು ಬೇವನ್ನಲ್ಲ, ತಲೆಯಲ್ಲಿ ಮೊದಲೇ ಅಚ್ಚಾಗಿರುವ ‘ಎಲೆ’ಯನ್ನು.

ಗಿಡದ ವಿಷಯದಲ್ಲೂ ಇದೇ ಕತೆ. ಐನೂರು ವರ್ಷದ ಹಿಂದೆ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಒಂದು ನಿಯಮ ಬರೆದಿಟ್ಟ: ಯಾವುದೇ ಎತ್ತರದಲ್ಲಿ ಕೊಂಬೆಗಳನ್ನೆಲ್ಲ ಒಟ್ಟು ಸೇರಿಸಿದರೆ ಬೊಡ್ಡೆಯಷ್ಟೇ ದಪ್ಪವಾಗುತ್ತದೆ ಎಂದು. ಒಳ್ಳೆಯ ನಿಯಮ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಇಲ್ಲಿನ ಹೊಲದ ಬದುವಿನ ಬೇವಿನ ಮುಂದೆ ಕೂತವರಿಗೆ ಅದು ಕೈಕೊಡುತ್ತದೆ. ಆಡು ಕುರಿಗೆಂದು ವರ್ಷವೂ ಸೊಪ್ಪು ಕಡಿದೂ ಕಡಿದೂ ಬೊಡ್ಡೆ ದಪ್ಪಗೆ ಗಂಟುಗಂಟಾಗಿ, ಮೇಲೆ ಬೆರಳುಗಾತ್ರದ ಕೊಂಬೆಗಳು ಕೆದರಿ ನಿಂತಿರುತ್ತವೆ. ನಿಯಮ ಗೊತ್ತಿದ್ದವರು ಗಿಡವನ್ನು ತಿದ್ದಿ ಬರೆಯುತ್ತಾರೆ. ನೋಡಿ ಬರೆಯುವವರ ಹಾಳೆಯಲ್ಲಿ ಕೊಡಲಿಯ ಗಾಯವೂ ಬರುತ್ತದೆ, ಆ ಗಾಯದ ಹಿಂದಿನ ಬರಗಾಲವೂ ಬರುತ್ತದೆ.

ಅಲ್ಲಮನ ಕತೆಯಲ್ಲಿ ನೋಟಕ್ಕೆ ದೊಡ್ಡ ಜಾಗವಿದೆ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ನುಡಿಸುವವನು. ಪ್ರಿಯೆ ಕಾಮಲತೆ ಜ್ವರದಿಂದ ಸತ್ತ ಮೇಲೆ ಹುಚ್ಚನಂತೆ ಅಲೆದು, ಒಂದು ತೋಪಿನಲ್ಲಿ ಕೂತು ಸುಮ್ಮನೆ ಕಾಲುಗುರಿನಿಂದ ನೆಲ ಗೀರುತ್ತಾನೆ. ಗೀರಿದಲ್ಲಿ ಚಿನ್ನದ ಕಳಸ ಕಾಣುತ್ತದೆ, ಅಗೆದರೆ ಗುಡಿ, ಒಳಗೆ ಅನಿಮಿಷಯ್ಯ. ರೆಪ್ಪೆ ಬಡಿಯದೆ ಕೂತವನು. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅವನ ಪ್ರಾಣ ಹೋಗುತ್ತದೆ. ಪುರಾಣವನ್ನು ಕಲಾಶಾಲೆಯ ಪಾಠ ಮಾಡಬಾರದು, ನಿಜ. ಆದರೂ ಮರಗಳ ನಡುವೆ ಕೂತು ಗುರಿಯಿಲ್ಲದೆ ನೆಲದ ಮೇಲೆ ಗೆರೆ ಎಳೆದವನಿಗೆ ನೆಟ್ಟ ನೋಟದ ಗುರು ಸಿಕ್ಕ ಎಂದು ಕನ್ನಡದ ಕವಿ ಕಟ್ಟಿರುವುದನ್ನು ಚಿತ್ರ ಬರೆಯುವವರು ಸುಮ್ಮನೆ ಓದಿ ಮುಂದಕ್ಕೆ ಹೋಗಲಾರರು. ಇಷ್ಟಲಿಂಗ ಪೂಜೆಯಲ್ಲೂ ಅಂಗೈ ಮೇಲಿನ ಲಿಂಗವನ್ನು ಎವೆಯಿಕ್ಕದೆ ದಿಟ್ಟಿಸುವ ಅಭ್ಯಾಸವಿದೆ. ದಿನವೂ ಅದೇ ಲಿಂಗ, ಅದೇ ಅಂಗೈ.

ಹಾಗೆಂದು ದಿನಾ ಗಿಡ ಬರೆಯುವುದು ಧ್ಯಾನ ಎಂದುಬಿಡುವುದು ಬಲು ಸುಲಭ. ಈಗ ಅಡುಗೆಯೂ ಧ್ಯಾನ, ಓಟವೂ ಧ್ಯಾನ, ಬಣ್ಣ ತುಂಬುವ ಪುಸ್ತಕವೂ ಧ್ಯಾನ. ಶರಣರು ಇಂಥ ಅಗ್ಗದ ಮಾತಿಗೆ ಒಪ್ಪುವವರಲ್ಲ. ಊರದಾರಿಯ, ಕೆರೆ ಬಾವಿಯ, ಮರಮರದ ಬುಡದ ದೈವಗಳನ್ನು ಬಸವಣ್ಣ ಗೇಲಿ ಮಾಡಿದ್ದು ಪ್ರಸಿದ್ಧ. ಮರಕ್ಕೆ ದಾರ ಸುತ್ತಿ ಮಗು ಕೊಡು, ಮಳೆ ಕೊಡು ಎನ್ನುವ ವ್ಯವಹಾರ ಅವರಿಗೆ ಹಿಡಿಸಲಿಲ್ಲ. ಬರೆಯುವವರು ಈ ಒಂದು ಪರೀಕ್ಷೆಯಲ್ಲಂತೂ ಪಾರಾಗುತ್ತಾರೆ. ಗಿಡದಿಂದ ಅವರು ಕೇಳುವುದು ಏನೂ ಇಲ್ಲ. ಗಾಳಿ ಒಂಚೂರು ನಿಲ್ಲಲಿ ಎಂದು ಬೇಡಿಕೊಳ್ಳಬಹುದು, ಅದೂ ಈಡೇರುವುದಿಲ್ಲ.

ಕಷ್ಟದ ಪರೀಕ್ಷೆ ಬೇರೆಯೇ ಇದೆ. ಅಲ್ಲಮನಿಗೆ ರೂಪದ ಮೇಲೆ ಸಿಟ್ಟಿರಲಿಲ್ಲ, ರೂಪಕ್ಕೆ ಅಂಟಿಕೊಂಡ ಮನಸ್ಸಿನ ಮೇಲೆ ಇತ್ತು. ನಿತ್ಯ ಬರೆಯುವವರು ಅಂಟಿಕೊಳ್ಳುತ್ತಾರೆಯೇ, ಕಳಚಿಕೊಳ್ಳುತ್ತಾರೆಯೇ? ಇದಕ್ಕೆ ಕಸುಬಿನ ಒಳಗಿಂದಲೇ ಒಂದು ಉತ್ತರವಿದೆ. ಹುಣಸೆಯಂಥ ದಟ್ಟ ಗಿಡವನ್ನು ಎಲೆ ಎಲೆಯಾಗಿ ಬರೆಯಲು ಹೋದವರು ಸೋಲುತ್ತಾರೆ. ಚಿತ್ರಕಲೆ ಕಲಿಸುವವರು ಹೇಳಿಕೊಡುವ ಉಪಾಯವೆಂದರೆ ಕೊಂಬೆ ಬಿಟ್ಟು ಕೊಂಬೆಗಳ ನಡುವಿನ ಖಾಲಿಯನ್ನು ನೋಡುವುದು. ಎರಡು ಕೊಂಬೆ ಕೂಡುವಲ್ಲಿ ಆಕಾಶದ ಒಂದು ಮುಕ್ಕೋನ, ಎಲೆಗೊಂಚಲಿನ ಒಳಗೆ ಬೆಳಕಿನ ಒಂದು ಬಿರುಕು. ಆ ಖಾಲಿಗಳ ಆಕಾರ ಸರಿಯಾಗಿ ಬಂದರೆ ಗಿಡ ತಾನಾಗಿ ಮೂಡುತ್ತದೆ. ಕೊಂಬೆಯ ಬಗ್ಗೆ ನಮ್ಮ ತಲೆಯಲ್ಲಿ ಸಿದ್ಧ ಚಿತ್ರವಿದೆ, ಖಾಲಿಯ ಬಗ್ಗೆ ಇಲ್ಲ. ಹಾಗಾಗಿ ಖಾಲಿಯನ್ನು ನೋಡುವಾಗ ಕಣ್ಣಿಗೆ ಮೋಸ ಮಾಡಲು ಮನಸ್ಸಿನ ಹತ್ತಿರ ಏನೂ ಇರುವುದಿಲ್ಲ. ಗಿಡ ಬರೆಯಬೇಕೆಂದರೆ ಗಿಡದೊಳಗಿನ ಬಯಲನ್ನು ಬರೆಯಬೇಕು. ಇದನ್ನು ಯಾವ ಶರಣರೂ ಚಿತ್ರಕಾರರಿಗೆಂದು ಹೇಳಲಿಲ್ಲ, ಚಿತ್ರಕಾರರೂ ಶರಣರಿಂದ ಕಲಿಯಲಿಲ್ಲ. ಎರಡೂ ಕಡೆಯವರು ತಮ್ಮತಮ್ಮ ಕೆಲಸದಲ್ಲಿ ಇಲ್ಲಿಗೆ ಬಂದು ಮುಟ್ಟಿದ್ದಾರೆ.

ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ ಈ ದಾರಿಯಲ್ಲಿ ಬಲು ದೂರ ಹೋದವನು. 1908ರ ಆಸುಪಾಸಿನಲ್ಲಿ ಅವನು ಬರೆದ ಕೆಂಪು ಮರದಲ್ಲಿ ಬೊಡ್ಡೆ, ಕೊಂಬೆ, ನೆಲ ಎಲ್ಲ ಗುರುತು ಸಿಗುತ್ತವೆ. 1911ರ ಬೂದು ಮರದಲ್ಲಿ ಕೊಂಬೆಗೂ ಕೊಂಬೆಗಳ ನಡುವಿನ ಜಾಗಕ್ಕೂ ಒಂದೇ ತೂಕ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಸೇಬೂ ಇಲ್ಲ, ಹೂವೂ ಇಲ್ಲ, ಬಾಗಿದ ಗೆರೆಗಳಷ್ಟೇ. ಮುಂದೆ ಅವೂ ನೆಟ್ಟಗಾಗಿ ಅಡ್ಡ–ಉದ್ದ ಗೆರೆಗಳ ಪ್ರಸಿದ್ಧ ಚೌಕಗಳು ಉಳಿದವು. 1909ರಲ್ಲಿ ಅವನು ಥಿಯಾಸಫಿಕಲ್ ಸೊಸೈಟಿ ಸೇರಿದ್ದ, ಕಾಣುವುದರ ಹಿಂದಿನದನ್ನು ಹುಡುಕುತ್ತಿದ್ದ. ಮರವನ್ನು ಬಿಡಿಸುತ್ತ ಬಿಡಿಸುತ್ತ ಮರವನ್ನೇ ಬಿಟ್ಟ. ಅಲ್ಲಮನ ಕಡೆಯವರಿಗೆ ಇದು ಮೆಚ್ಚುಗೆಯಾಗಬಹುದು. ಆದರೆ ಆ ಚೌಕಗಳೇ ಆಮೇಲೆ ಬಟ್ಟೆ, ಚೀಲ, ಕ್ಯಾಲೆಂಡರುಗಳ ಮೇಲೆ ಕುರುಹಾಗಿ ಮಾರಾಟವಾಗುತ್ತಿವೆ. ನಿರಾಕಾರವೂ ಒಂದು ಬ್ರ್ಯಾಂಡ್ ಆಗುವ ಅಪಾಯ ಇದ್ದೇ ಇದೆ, ಅಲ್ಲಮನಿಗೆ ಗುಡಿಯಾದಂತೆ.

ಗೂಗಲ್‌ನಿಂದ ದಕ್ಷಿಣಕ್ಕೆ, ತುಂಗಭದ್ರೆಯ ಕಡೆಗೆ ಹೋದರೆ ವಾದ ತಿರುಗುತ್ತದೆ. ಮಾನ್ವಿ ಜಗನ್ನಾಥದಾಸರ ಊರು (1728–1809). ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯ 32 ಸಂಧಿಗಳಲ್ಲಿ ಮಧ್ವಸಿದ್ಧಾಂತವನ್ನು ಕನ್ನಡಕ್ಕೆ ಇಳಿಸಿದ ಗ್ರಂಥ. ಅಲ್ಲಿ ಹರಿ ಬಿಂಬ, ಜೀವ ಪ್ರತಿಬಿಂಬ. ಪ್ರತಿಬಿಂಬ ಎಂದೂ ಬಿಂಬವಾಗದು, ಆದರೆ ಬಿಂಬವಿಲ್ಲದೆ ಅದಕ್ಕೆ ಇರವೇ ಇಲ್ಲ. ಎರಡೂ ಒಂದೇ ಎನ್ನುವುದು ದಾಸರಿಗೆ ಅಹಂಕಾರ. ಹೊರಗೆ ಕೂತು ಬರೆಯುವವರಿಗೆ ಈ ಮಾತು ಹಾಳೆಯ ಮೇಲೆಯೇ ಅನುಭವಕ್ಕೆ ಬರುತ್ತದೆ. ಎಷ್ಟೇ ಪಳಗಿದ ಕೈಯಾದರೂ ಹಾಳೆಯ ಬೇವು ಬದುವಿನ ಬೇವಿಗಿಂತ ಒಂದು ಕೈ ಕಡಿಮೆಯೇ. ನಾಳೆ ಮತ್ತೆ ಬರುವುದಕ್ಕೆ ಆ ಕೊರತೆಯೇ ಕಾರಣ. ಚಿತ್ರ ಗಿಡಕ್ಕೆ ಸಮವಾಯಿತು ಎಂದು ಅನಿಸಿದ ದಿನ ನಿತ್ಯದ ಅಭ್ಯಾಸ ನಿಲ್ಲುತ್ತದೆ.

ಜಗನ್ನಾಥದಾಸರ ಬಗ್ಗೆ ಹರಿದಾಸ ಪರಂಪರೆ ಹೇಳುವ ಕತೆಯೂ ಇಲ್ಲಿಗೆ ಹೊಂದುತ್ತದೆ. ಅವರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರವಾಗಿ ಕಂಡರು, ಹೊಟ್ಟೆಶೂಲೆಗೆ ಸಿಕ್ಕಿ ನರಳಿದರು. ಕೊನೆಗೆ ಅವರನ್ನು ಉಳಿಸಿದ್ದು ಗೋಪಾಲದಾಸರು, ಇದೇ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಓದಿ ತಿಳಿದವನಿಗೆ ಎದುರಿಗಿದ್ದದ್ದು ಕಾಣಲಿಲ್ಲ ಎಂಬುದು ಕತೆಯ ತಿರುಳು. ಬೇವನ್ನು ಬಾಟನಿ ಪುಸ್ತಕದಲ್ಲಿ ಓದಿದವರೂ ಎಳೆಯುವುದು ಅದೇ ನೇರ ಗೆರೆ, ಅದೇ ಸಮಸಮ ಬಿಲ್ಲು.

ಅಲ್ಲಮ ಹೇಳುವುದು ಸರಿಯೋ ದಾಸರು ಹೇಳುವುದು ಸರಿಯೋ ಎಂಬ ಜಗಳ ಇಲ್ಲಿ ತೀರುವಂಥದ್ದಲ್ಲ, ಈ ಎರಡು ನದಿಗಳ ನಡುವಿನ ಜಿಲ್ಲೆಯಲ್ಲಿ ಅದು ತೀರದೆಯೇ ಶತಮಾನಗಳು ಕಳೆದಿವೆ. ಬರೆಯುವವರ ಮಟ್ಟಿಗೆ ಹೇಳುವುದಾದರೆ, ಕಣ್ಣು ಅಲ್ಲಮನದಾಗಿ ಕೈ ದಾಸರದಾದರೆ ಕೆಲಸ ನಡೆಯುತ್ತದೆ. ಶಾಸ್ತ್ರಿಗಳು ಇದನ್ನು ಎಡಬಿಡಂಗಿತನ ಎಂದಾರು.

ಇನ್ನು ದಿನಚರಿಯ ಪ್ರಶ್ನೆ: ದಿನಕ್ಕೆ ಎಷ್ಟು ಬರೆದರೆ ಸಾಕು? ಇದಕ್ಕೆ ಉತ್ತರ ಹುಡುಕಬೇಕಾದದ್ದು ಪಂಡಿತರಲ್ಲಲ್ಲ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಶರಣೆ ಆಯ್ದಕ್ಕಿ ಲಕ್ಕಮ್ಮನಲ್ಲಿ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ನಿತ್ಯಕಲೆಗೆ ಈಗ ಬಂದಿರುವ ರೋಗಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. 2009ರಲ್ಲಿ ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಶುರುಮಾಡಿದ ‘ಇಂಕ್‌ಟೋಬರ್’ನಿಂದ ಅಕ್ಟೋಬರಿನ 31 ದಿನ 31 ಶಾಯಿ ಚಿತ್ರ ಬರೆಯುವ ರೂಢಿ ಜಗತ್ತಿಗೆಲ್ಲ ಹಬ್ಬಿತು. ರಾಯಚೂರಿನ ಹುಡುಗ ಹುಡುಗಿಯರ ಇನ್‌ಸ್ಟಾಗ್ರಾಂವರೆಗೂ ಬಂದಿದೆ. ಕೈ ಪಳಗಲು ಒಳ್ಳೆಯದೇ. ಆದರೆ ಲೆಕ್ಕ ಶುರುವಾದ ಕೂಡಲೇ ಗಿಡ ಹಿಂದಕ್ಕೆ ಸರಿದು ಹಾಳೆಯ ರಾಶಿ ಮುಂದಕ್ಕೆ ಬರುತ್ತದೆ. ದಿನಕ್ಕೆ ಒಂದು ಗಿಡ, ಒಂದು ಹಾಳೆ, ಅವತ್ತಿನ ಕಣ್ಣಿಗೆ ಅವತ್ತಿನದು ಸಾಕು. ಲೈಕ್ ಎಣಿಸಲೆಂದೇ ಬರೆದದ್ದು ಲಕ್ಕಮ್ಮ ತಿರುಗಿ ಕಳಿಸಿದ ಅಕ್ಕಿ.

ಇದೆಲ್ಲ ಸೇರಿ ಗಿಡ ಬರೆಯುವುದು ಕಾಯಕವಾಯಿತೇ ಎಂದರೆ, ಇಲ್ಲ. ಅಷ್ಟು ದೊಡ್ಡ ಮಾತನ್ನು ಅದಕ್ಕೆ ಹೊದಿಸಬಾರದು. ಶರಣರ ಕಾಯಕದಿಂದ ಮನೆ ನಡೆಯಬೇಕು, ಜಂಗಮರಿಗೆ ಅನ್ನ ಇಕ್ಕಬೇಕು. ಬೇವಿನ ಚಿತ್ರದಿಂದ ಯಾರ ಒಲೆಯೂ ಉರಿಯುವುದಿಲ್ಲ. ಕುರಿಗಾಹಿಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಇಷ್ಟೇ: ಏನೂ ಮಾಡುವುದಿಲ್ಲ, ನೋಡುವುದನ್ನು ಕಲಿಯುತ್ತಿದ್ದೇವೆ. ಹಾಳೆಯನ್ನು ಆ ಹೊಲದವರಿಗೇ ಕೊಟ್ಟು ಬಂದರೆ ದಾಸೋಹದ ಒಂದಿಷ್ಟು ಎಳೆಯಾದರೂ ಉಳಿದೀತು.

ದಸರೆಯ ಬನ್ನಿಯನ್ನು ಯಾರಾದರೂ ಹೀಗೆ ಬರೆಯಬೇಕು. ಬನ್ನಿ ಮುಡಿಯುವ ಹಬ್ಬಕ್ಕೆ ಮೊದಲು ಒಂದು ಚಿತ್ರ, ‘ಬಂಗಾರ’ ಹಂಚಿಕೊಳ್ಳಲು ಜನ ಎಲೆ ಕಿತ್ತುಕೊಂಡು ಹೋದ ಮಾರನೇ ದಿನ ಇನ್ನೊಂದು. ಪಾಂಡವರು ಆಯುಧ ಅಡಗಿಸಿಟ್ಟ ಮರವೆಂದು ಕೈಮುಗಿಯುವ ಊರಿನಲ್ಲೇ ಹಬ್ಬದ ಸಂಜೆ ಬನ್ನಿಯ ಕೊಂಬೆಗಳು ಮುರಿದು ನೇತಾಡುತ್ತಿರುತ್ತವೆ. ಎರಡೂ ಚಿತ್ರಗಳನ್ನು ಗುಡಿಯ ಕಟ್ಟೆ ಮೇಲೆ ಅಕ್ಕಪಕ್ಕ ಇಟ್ಟರೆ ಭಾಷಣದ ಅಗತ್ಯ ಬೀಳದು.

ಕೊನೆಗೆ ಚಿತ್ರಕಲೆ ಶಿಕ್ಷಕರಿಗೆ ಒಂದು ಕೋರಿಕೆ. ದೇವದುರ್ಗ, ಮಾನ್ವಿ, ರಾಯಚೂರಿನ ಯಾವ ಶಾಲೆಯಲ್ಲಾದರೂ ಮಕ್ಕಳಿಗೆ ನಿಸರ್ಗ ಚಿತ್ರ ಬರೆಯಲು ಹೇಳಿ: ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬದಿಯಲ್ಲಿ ತೆಂಗಿನ ಮರ. ಈ ಮಕ್ಕಳ ಕಿಟಕಿಯಾಚೆ ನಿಂತಿರುವುದು ಬೇವು ಮತ್ತು ಜಾಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಬೇವಿನಹಣ್ಣು ಅಂಗಳದಲ್ಲಿ ಉದುರುತ್ತಿರುತ್ತದೆ. ವಾರಕ್ಕೊಂದು ಪೀರಿಯಡ್, ಬೆಳಗಿನ ಮೊದಲನೆಯದೇ ಆದರೆ ಒಳ್ಳೆಯದು, ಮಕ್ಕಳನ್ನು ಹೊರಗೆ ಕರೆತಂದು ವರ್ಷವಿಡೀ ಅದೇ ಒಂದು ಗಿಡ ಬರೆಸಿ. ಹಳೆ ನೋಟ್‌ಬುಕ್ಕಿನ ರಟ್ಟು, ಒಂದು ಪೆನ್ಸಿಲ್ ಸಾಕು. ರಬ್ಬರ್ ಮಾತ್ರ ಕೊಡಬೇಡಿ.